ಒಂದೂ ದೂರಿಲ್ಲದ ಹಾಳೆ

ಜೊವಿಟಾಳಿಗೆ ಆ ಕೆಲಸ ಸಿಕ್ಕಿದ್ದು ಏನೂ ಗೊತ್ತಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ. ಮಸ್ಕತ್ತಿನಲ್ಲಿ ಹೊರದೇಶದವರ ಕಂಪ್ಯೂಟರ್ ಕೆಲಸ ವಹಿಸಿಕೊಳ್ಳುವ ಸಣ್ಣದೊಂದು ಆಫೀಸು ನಡೆಸುತ್ತಿದ್ದ ದೊಡ್ಡಪ್ಪನ ಮಗಳು ಬೀಟ್ರಿಸ್ ಫೋನು ಮಾಡಿ, "ಅಮೆರಿಕದವರ ಫುಟ್‌ಬಾಲ್ ಬಗ್ಗೆ ನಿಂಗೆಂತ ಗೊತ್ತುಂಟು?" ಎಂದು ಕೇಳಿದಾಗ ಇವಳು, "ಕಾಲಲ್ಲಿ ಒದೆಯೋದಲ್ವಾ?" ಎಂದಿದ್ದಳು. "ಸಾಕು, ನೀನೇ ಬೇಕು" ಎಂದು ಬೀಟ್ರಿಸ್ ಅಲ್ಲೇ ಗಟ್ಟಿ ಮಾಡಿದಳು. ಆ ಆಟದಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಎಸೆಯುತ್ತಾರೆ, ಚೆಂಡು ದುಂಡಗೂ ಇರುವುದಿಲ್ಲ ಎನ್ನುವುದು ಅವಳಿಗೆ ಗೊತ್ತಾದದ್ದು ಆಮೇಲೆ.

ಕೆಲಸವೇನೂ ಕಷ್ಟದ್ದಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯದವರು ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ ಪತ್ರಿಕೆಯವರು ಬರೆದದ್ದನ್ನೆಲ್ಲ ಗುಡ್ಡೆ ಹಾಕಿದ್ದರು. ಕ್ವಾರ್ಟರ್‌ಬ್ಯಾಕ್ ಎಂದರೆ ತಂಡದ ಚುಕ್ಕಾಣಿ ಹಿಡಿದವನು. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಿನವರು ಬಂದು ಮೈಮೇಲೆ ಬೀಳುವುದರೊಳಗೆ ಅದನ್ನು ಯಾರಿಗೆ ಎಸೆಯಬೇಕೆಂದು ಅವನೇ ತೀರ್ಮಾನಿಸಬೇಕು. ಆಟಗಾರನ ಹೆಸರು, ಊರು, ತಂಡ ಎಲ್ಲ ಅಳಿಸಿ, ಆ ಜಾಗದಲ್ಲಿ ಎಕ್ಸ್ ಎಂದು ಹಾಕಿ, ಒಂದೊಂದೇ ವಾಕ್ಯ ಕಳಿಸುತ್ತಿದ್ದರು. ಇದು ಹೊಗಳಿಕೆಯೋ ತೆಗಳಿಕೆಯೋ, ಹೇಳಿದ್ದು ಅವನ ದೇಹದ ಬಗ್ಗೆಯೋ ಬುದ್ಧಿಯ ಬಗ್ಗೆಯೋ ಎಂದು ಇವಳು ಗುರುತು ಹಾಕಬೇಕು. ಬಿಳಿಯ ಆಟಗಾರನಿಗೊಂದು ಮಾತು, ಕರಿಯ ಆಟಗಾರನಿಗೊಂದು ಮಾತು ಬರೆಯುತ್ತಾರೆಯೇ ಎಂದು ತಿಳಿಯುವುದು ಅವರ ಉದ್ದೇಶ. ಹಾಗಾಗಿ ಗುರುತು ಹಾಕುವವರಿಗೆ ಯಾರು ಯಾರೆಂದು ಗೊತ್ತಿರಬಾರದು. ಪ್ರತಿ ವಾರದ ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು: ಎಕ್ಸ್‌ನ ಬಣ್ಣ ನಿಮಗೆ ಊಹಿಸಲು ಸಾಧ್ಯವಾಯಿತೇ? ಇವಳು ಇಲ್ಲ ಎಂದು ಒತ್ತುತ್ತಿದ್ದಳು.

ಕಚ್ಚಾ ಎಣ್ಣೆಯ ಬೆಲೆ ನೆಲಕಚ್ಚಿ, ಕೆಲಸ ಹೋದವರು ಊರಿಗೆ ಮರಳತೊಡಗಿ ಎರಡು ವರ್ಷವಾಗಿತ್ತು. ಬಂದರಿನ ಊರಾದ ಸೊಹಾರಿನಲ್ಲಿ ಅವರಿದ್ದ ಕಟ್ಟಡದಲ್ಲೇ ಆರು ಮನೆ ಖಾಲಿ. ಚರ್ಚಿಗೆ ಶುಕ್ರವಾರದ ಪೂಜೆಗೆ ಹೋದರೆ ಕಳೆದ ವಾರ ಮುಂದಿನ ಬೆಂಚಿನಲ್ಲಿದ್ದವರು ಈ ವಾರ ಇಲ್ಲ. ಎಲ್ಲಿ ಎಂದು ಕೇಳುವ ಪದ್ಧತಿಯೂ ನಿಂತುಹೋಗಿತ್ತು. ಮೊದಮೊದಲು ಯಾರಾದರೂ ಹೊರಟರೆ ಜೊವಿಟಾ ಮೀನಿನ ಉಪ್ಪಿನಕಾಯಿ ಕಟ್ಟಿಕೊಟ್ಟು ಅಳುತ್ತಿದ್ದಳು. ಈಗ ಅಳು ಬರುತ್ತಿರಲಿಲ್ಲ. ಬೆಳಿಗ್ಗೆ ಗಂಡ ಡೆಸ್ಮಂಡ್ ಕಂಪನಿ ಬಸ್ಸು ಹತ್ತಿದ ಮೇಲೆ, ಮಗಳು ರೋಸ್ ಶಾಲೆಗೆ ಹೋದ ಮೇಲೆ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ದಿನಕ್ಕೆ ನಾನೂರು ವಾಕ್ಯ ಮುಗಿಸುತ್ತಿದ್ದಳು. ಎಕ್ಸ್ ಗೆದ್ದರೂ ಒಂದೇ, ಸೋತರೂ ಒಂದೇ. ತನಗೆ ಏನೂ ಅನಿಸುತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದರ ಬಗ್ಗೆಯೂ ಏನೂ ಅನಿಸುತ್ತಿರಲಿಲ್ಲ.

ಆದರೆ ಅಕ್ಕಿ ಆರಿಸುವವಳ ಕಣ್ಣಿಗೆ ಕಲ್ಲು ತಾನಾಗಿ ಬೀಳುವ ಹಾಗೆ, ಎರಡು ತಿಂಗಳಾಗುವಷ್ಟರಲ್ಲಿ ಅವಳಿಗೆ ಎಕ್ಸ್ ಇಬ್ಬರೆಂದು ಕಾಣತೊಡಗಿತು. ಒಬ್ಬ ಗೆದ್ದರೆ ಅವನ ತೋಳು, ಅವನ ಕಾಲು, ದೇವರು ಕೊಟ್ಟ ಮೈಕಟ್ಟು. ಸೋತರೆ ಅವನು ಓದಿಕೊಂಡು ಬಂದಿಲ್ಲ, ಎದುರಾಳಿಯನ್ನು ಅರ್ಥ ಮಾಡಿಕೊಳ್ಳಲಿಲ್ಲ. ಇನ್ನೊಬ್ಬ ಗೆದ್ದರೆ ತಣ್ಣನೆಯ ತಲೆ, ಮೊದಲೇ ಎಲ್ಲವನ್ನೂ ಕಂಡ ಕಣ್ಣು. ಸೋತರೆ ಭುಜ ನೋಯುತ್ತಿತ್ತು, ಪಾಪ, ಜೊತೆಯವರು ಚೆಂಡು ಹಿಡಿಯಲಿಲ್ಲ. ಎಲ್ಲ ವಾಕ್ಯವೂ ಹಾಗಿರಲಿಲ್ಲ ಅನ್ನಿ, ಅಡ್ಡಾದಿಡ್ಡಿಯವೂ ಬೇಕಾದಷ್ಟಿದ್ದವು. ಆದರೂ ಹತ್ತರಲ್ಲಿ ಏಳು ವಾಕ್ಯಕ್ಕೆ, ತೋಳಿನವನು ಕರಿಯ, ತಲೆಯವನು ಬಿಳಿಯ ಎಂದು ಅವಳು ಅಡುಗೆಮನೆಯಿಂದಲೇ ಕೂಗಿ ಹೇಳಬಲ್ಲವಳಾದಳು.

ಬೀಟ್ರಿಸ್‌ಗೆ ಫೋನು ಮಾಡಿದಳು.

"ನಂಗೆ ಈಗೀಗ ಗೊತ್ತಾಗ್ತದೆ ಮಾರಾಯ್ತಿ. ಕಪ್ಪಿನವ ಯಾರು, ಬಿಳಿಯವ ಯಾರು ಅಂತ."

"ಗೊತ್ತಾಗ್ತದೆ ಅಂತ ಬರೆದ್ರೆ ಅಲ್ಲಿಗೆ ಖಲಾಸ್. ನಿನ್ನ ಹಾಳೆ ಎಲ್ಲ ತೆಗೆದು ಬದಿಗೆ ಇಡ್ತಾರೆ, ಬೇರೆಯವರನ್ನು ಹುಡುಕ್ತಾರೆ. ನಿಂಗೆ ಏನೂ ಗೊತ್ತಿಲ್ಲ ಅಂತಲೇ ಕೆಲ್ಸ ಕೊಟ್ಟದ್ದು. ಗೊತ್ತಾಗ್ಲಿಕ್ಕೆ ಹೋಗ್ಬೇಡ."

ಆ ವಾರವೂ ಜೊವಿಟಾ ಇಲ್ಲ ಎಂದೇ ಒತ್ತಿದಳು. ಡೆಸ್ಮಂಡನ ಕೆಲಸದ ಮೇಲೆ ಕತ್ತಿ ತೂಗುತ್ತಿರುವಾಗ ತನ್ನದನ್ನೂ ಕೈಯಾರೆ ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

ಡೆಸ್ಮಂಡ್ ಬಂದರಿನ ಕಾರ್ಖಾನೆಗಳ ಯಂತ್ರ ರಿಪೇರಿ ವಹಿಸಿಕೊಂಡ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಇದ್ದ. ಫಿಟ್ಟರನಾಗಿ ಸೇರಿ ಸೂಪರ್‌ವೈಸರ್ ಆದವನು. ಆ ನವೆಂಬರಿನಲ್ಲಿ ಎರಡು ವಿಭಾಗಗಳನ್ನು ಒಂದು ಮಾಡುತ್ತೇವೆಂದು ಮೇಲಿನವರು ಹೇಳಿದರು. ಇದ್ದ ಸೂಪರ್‌ವೈಸರುಗಳು ಇಬ್ಬರು. ಇನ್ನು ಒಬ್ಬನೇ ಸಾಕು. ಇನ್ನೊಬ್ಬ ಸ್ಕಾಟ್ಲೆಂಡಿನ ಹುಡುಗ, ಬಂದು ಮೂರು ವರ್ಷವಾಗಿತ್ತು. ಡೆಸ್ಮಂಡ್ ಹೋದರೆ ಅವನ ಜೊತೆ ಹೆಂಡತಿ ಮಗಳ ವೀಸಾವೂ ಹೋಗುತ್ತದೆ. ರೋಸ್ ಹತ್ತನೇ ಕ್ಲಾಸು, ಮಾರ್ಚಿನಲ್ಲಿ ಬೋರ್ಡು ಪರೀಕ್ಷೆ. ನಡುವಿನಲ್ಲಿ ಕಿತ್ತುಕೊಂಡು ಹೋದರೆ ಅವಳ ವರ್ಷವೇ ಮಣ್ಣುಪಾಲು.

ಯಾರು ಉಳಿಯಬೇಕೆಂಬುದನ್ನು ವರ್ಷದ ಮೌಲ್ಯಮಾಪನದ ಹಾಳೆ ನೋಡಿ ನಿರ್ಧರಿಸುತ್ತಾರೆಂದು ಸುದ್ದಿಯಿತ್ತು. ಬರೆಯುವವರು ಮ್ಯಾನೇಜರ್ ಜೇನ್. ಒಳ್ಳೆಯ ಹೆಂಗಸು, ಕ್ರಿಸ್ಮಸ್ಸಿಗೆ ಕೇಕು ಕಳಿಸುವವಳು, ರೋಸ್‌ಗೆ ಟೈಫಾಯ್ಡ್ ಆದಾಗ ಆಸ್ಪತ್ರೆಗೆ ಬಂದು ನೋಡಿದವಳು. ಅವಳ ಮೇಲೆ ಹಲ್ಲು ಕಡಿಯೋಣವೆಂದರೆ ಅದಕ್ಕೂ ಜಾಗವಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಡೆಸ್ಮಂಡ್ ಮಧ್ಯಾಹ್ನವೇ ಮನೆಗೆ ಬಂದ. ಮುಖ ಅರಳಿತ್ತು. ಆಫೀಸಿನ ಗುಮಾಸ್ತ ಸ್ಕ್ಯಾನ್ ಮಾಡುವಾಗ ಇಬ್ಬರ ಹಾಳೆಗಳನ್ನೂ ಒಂದೇ ಫೈಲಿಗೆ ಸೇರಿಸಿ ಇವನಿಗೆ ಕಳಿಸಿಬಿಟ್ಟಿದ್ದನಂತೆ.

"ನೋಡು, ನೀನೇ ಓದು" ಎಂದು ಫೋನು ಅವಳ ಕೈಗೆ ಕೊಟ್ಟ. "ನನ್ನದ್ರಲ್ಲಿ ಒಂದು ದೂರು ಉಂಟಾ ನೋಡು. ಒಂದೂ ಇಲ್ಲ! ಆ ಸ್ಕಾಟ್ಲೆಂಡಿನವನದ್ದು ನೋಡು, ಆತುರ ಜಾಸ್ತಿ ಅಂತ ಒಂದು, ಕಾಗದಪತ್ರ ತಡ ಮಾಡ್ತಾನೆ ಅಂತ ಇನ್ನೊಂದು. ಎರಡು ಕಪ್ಪು ಚುಕ್ಕಿ!"

ಜೊವಿಟಾ ಓದಿದಳು. ಬೇಕೆಂದು ಅಲ್ಲ, ಕೈಗೆ ಅಂಟಿದ ಚಾಳಿ; ಒಂದೊಂದು ವಾಕ್ಯ ಓದಿದಂತೆಯೂ ಮನಸ್ಸಿನಲ್ಲಿ ಗುಂಡಿ ಒತ್ತುತ್ತ ಹೋದಳು. ದಣಿವರಿಯದವನು: ಹೊಗಳಿಕೆ, ದೇಹ. ಬಿಸಿಲಿಗೆ ಜಗ್ಗುವುದಿಲ್ಲ: ಹೊಗಳಿಕೆ, ದೇಹ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಾನೆ. ಇದನ್ನು ಎಲ್ಲಿ ಹಾಕುವುದೆಂದು ಅವಳಿಗೆ ತಿಳಿಯಲಿಲ್ಲ, ಬುದ್ಧಿಗಂತೂ ಅಲ್ಲ. ಒಂಬತ್ತು ವಾಕ್ಯ ಮುಗಿದವು, ಬುದ್ಧಿಯ ಕಡೆ ಸೊನ್ನೆ. ಇನ್ನೊಂದು ಹಾಳೆಯಲ್ಲಿ ಹನ್ನೊಂದು ವಾಕ್ಯ. ಸಮಸ್ಯೆಯ ಬುಡ ಕಾಣಬಲ್ಲ, ಒತ್ತಡದಲ್ಲೂ ಸ್ಪಷ್ಟವಾಗಿ ಯೋಚಿಸುತ್ತಾನೆ, ಮುಂದೆ ತಂಡ ನಡೆಸುವ ಲಕ್ಷಣವಿದೆ. ಎಂಟು ಬುದ್ಧಿಯವು. ಆತುರ ಜಾಸ್ತಿ ಎಂಬ ದೂರು ಕೂಡ ಯೋಚಿಸುವವನ ಮೇಲಿನ ದೂರು.

ಡೆಸ್ಮಂಡನ ಹಾಳೆಯ ಏಳನೆಯ ವಾಕ್ಯ ಅವಳು ಎರಡು ಸಲ ಓದಿದಳು. ಜೂನಿನಲ್ಲಿ ಕಾರ್ಖಾನೆಯ ಧೂಳು ಹೀರುವ ದೊಡ್ಡ ಫ್ಯಾನು ಕೆಟ್ಟಾಗ ಇಪ್ಪತ್ತಾರು ಗಂಟೆ ಬಿಸಿಲೆನ್ನದೆ ರಾತ್ರಿಯೆನ್ನದೆ, ಗೊಣಗದೆ ನಿಂತಿದ್ದನು, ಎಂದಿತ್ತು.

"ನೀವು ಬಿಸಿಲಲ್ಲಿ ನಿಂತದ್ದಕ್ಕೆ ಆ ಫ್ಯಾನು ಸರಿಯಾದದ್ದಾ?" ಎಂದಳು. "ಎಲ್ಲರೂ ಬೇರಿಂಗ್ ಹೋಯ್ತು, ಜರ್ಮನಿಯಿಂದ ತರಿಸ್ಬೇಕು ಅಂದದ್ದಲ್ವಾ? ನೀವೊಬ್ರೇ ಬೇರಿಂಗ್ ಅಲ್ಲ ಅಂದದ್ದು."

"ಹೌದು."

"ಅದು ಇದ್ರಲ್ಲಿ ಎಲ್ಲುಂಟು?"

"ಎಲ್ಲ ಬರೀಲಿಕ್ಕೆ ಆಗ್ತದಾ? ನಿಂತದ್ದೂ ಹೌದಲ್ಲ."

ಹಾಳೆಯ ಕೊನೆಯಲ್ಲಿ ನೌಕರ ತನ್ನ ಮಾತು ಬರೆಯಲು ಒಂದು ಚೌಕ ಇತ್ತು. ಗುರುವಾರದೊಳಗೆ ತುಂಬಿ ಸಹಿ ಹಾಕಿ ಕೊಡಬೇಕು. ಅಲ್ಲಿ ಫ್ಯಾನಿನ ವಿಷಯ ಬರೆಯೋಣ, ನಾನು ಟೈಪ್ ಮಾಡುತ್ತೇನೆ ಎಂದಳು ಜೊವಿಟಾ. ಡೆಸ್ಮಂಡ್ ಅವಳನ್ನು ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿದ.

"ಹೊಗಳಿದವರ ಹತ್ರ ಯಾರಾದ್ರೂ ಜಗಳಕ್ಕೆ ಹೋಗ್ತಾರಾ? ಥ್ಯಾಂಕ್ಸ್ ಅಂತ ಬರಿ. ಅಷ್ಟು ಸಾಕು."

ಆಗ ಅವಳು ಬಾಯಿಬಿಟ್ಟಳು. ಎಕ್ಸ್‌ನ ಕಥೆಯನ್ನೆಲ್ಲ ಹೇಳಿದಳು. ಒಬ್ಬನಿಗೆ ತೋಳು, ಒಬ್ಬನಿಗೆ ತಲೆ. ತೋಳಿನವನನ್ನು ಎಷ್ಟು ಹೊಗಳಿದರೂ ಕೊನೆಗೆ ತಂಡವನ್ನು ತಲೆಯವನ ಕೈಗೇ ಕೊಡಿ ಎಂದು ಬರೆಯುತ್ತಾರೆ, ದಿನಾ ಓದಿ ಓದಿ ನನಗೆ ಗೊತ್ತು, ಎಂದಳು. ಹೇಳುವಾಗ ತನ್ನ ದನಿ ಬೇರೆ ಯಾರದೋ ಎಂಬಂತೆ ಸಪ್ಪಗೆ ಕೇಳಿಸಿತು.

ಡೆಸ್ಮಂಡ್ ನಕ್ಕ. "ಅದು ಅಮೆರಿಕದ ಕರಿಯರ ವಿಷಯ. ನಾನೇನು ಕರಿಯನಾ?"

ಹದಿನಾಲ್ಕು ಬೇಸಿಗೆಯ ಬಿಸಿಲಿನಲ್ಲಿ ಬೆಂದ ಅವನ ಮುಖವನ್ನು ಜೊವಿಟಾ ನೋಡಿದಳು. ಉತ್ತರ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಹೇಳುವ ಮುಖ ತನಗಾದರೂ ಎಲ್ಲಿದೆ? ಮದುವೆಗೆ ಮೊದಲು ಅವ್ವ ಕೇಳಿದಾಗ, ಹುಡುಗ ಗಟ್ಟಿಮುಟ್ಟು, ಪಾಪದವ, ಹೇಳಿದ ಹಾಗೆ ಕೇಳ್ತಾನೆ ಎಂದು ಇವಳೇ ಹೇಳಿ ಒಪ್ಪಿಸಿದ್ದಲ್ಲವೇ. ಬುದ್ಧಿವಂತ ಎಂಬ ಮಾತು ಆವತ್ತು ಅವಳ ನಾಲಿಗೆಗೂ ಬಂದಿರಲಿಲ್ಲ. ಅದು ನೆನಪಾಗಿ ನಾಚಿಕೆಯಾಯಿತು. ತುಂಬ ದಿನಗಳ ಮೇಲೆ ಅವಳಿಗೆ ಏನಾದರೂ ಅನಿಸಿದ್ದು ಅದೊಂದೇ, ಅದೂ ಚಹಾ ಕುಡಿದು ಮುಗಿಯುವಷ್ಟರಲ್ಲಿ ಹೋಯಿತು. ಅವನು ಹೇಳಿದಂತೆಯೇ ಟೈಪ್ ಮಾಡಿದಳು: ಮೇಡಂ ಅವರ ಒಳ್ಳೆಯ ಮಾತುಗಳಿಗೆ ಕೃತಜ್ಞ. ಡೆಸ್ಮಂಡ್ ಸಹಿ ಹಾಕಿದ.

ಕ್ರಿಸ್ಮಸ್ಸಿನ ಕೇಕು ಬಂತು. ಅದಾದ ಹತ್ತು ದಿನಕ್ಕೆ ಕಾಗದವೂ ಬಂತು. ಹುದ್ದೆ ಸ್ಕಾಟ್ಲೆಂಡಿನವನಿಗೆ. ಜೇನ್ ಇವನನ್ನು ಒಳಗೆ ಕರೆದು, ಕಣ್ಣಲ್ಲಿ ನೀರು ತಂದುಕೊಂಡು, ನಿನ್ನಂಥ ದುಡಿಮೆಗಾರ ನನಗೆ ಇನ್ನು ಸಿಗುವುದಿಲ್ಲ ಎಂದಳಂತೆ. ಮಗಳ ಪರೀಕ್ಷೆ ಎಂದು ಇವನು ಕೇಳಿಕೊಂಡದ್ದಕ್ಕೆ ಮಾರ್ಚ್ ಕೊನೆಯವರೆಗೆ ಇರಲು ಒಪ್ಪಿದಳು. ಅದಕ್ಕೆ ಬದಲಾಗಿ ಹೊಸ ಸೂಪರ್‌ವೈಸರಿಗೆ ಇವನು ಎಲ್ಲ ಯಂತ್ರಗಳ ಗುಟ್ಟು ಹೇಳಿಕೊಡಬೇಕು, ಅವನು ಅದನ್ನು ಬರೆದು ಪುಸ್ತಕ ಮಾಡುತ್ತಾನೆ.

ರೋಸ್ ಸುದ್ದಿ ಕೇಳಿ, "ಓಕೆ ಡ್ಯಾಡಿ" ಎಂದು ಕೋಣೆಗೆ ಹೋಗಿ ಲೆಕ್ಕ ಬಿಡಿಸಲು ಕೂತಳು. ಜೊವಿಟಾ ಆ ವಾರವೂ ಇಲ್ಲ ಎಂದೇ ಒತ್ತಿದಳು. ಯಾರೂ ಅಳಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ. ನಾನು ಹೇಳಿರಲಿಲ್ಲವಾ ಎಂದು ಜೊವಿಟಾ ಒಂದು ಸಲವೂ ಅನ್ನಲಿಲ್ಲ, ಅಂದರೂ ಆಗುವುದೇನೂ ಇರಲಿಲ್ಲ.

ಫೆಬ್ರವರಿಯ ಒಂದು ಸಂಜೆ ಡೆಸ್ಮಂಡ್ ಬಸ್ಸಿಳಿದು ಬಂದವನು ಶೂ ಕೂಡ ಬಿಚ್ಚದೆ ಮೇಜಿನ ಹತ್ತಿರ ಕೂತ. ಜೊವಿಟಾ ಚಹಾ ತಂದಿಟ್ಟಳು.

"ಇವತ್ತು ಆ ಸ್ಕಾಟ್ಲೆಂಡಿನವ ಫ್ಯಾನಿನದ್ದು ಬರ್ಕೊಂಡ" ಎಂದ. "ಬೇರಿಂಗ್ ಅಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ. ಎಷ್ಟು ಸಲ ಕೇಳಿದ. ನಂಗೆ ಇಂಗ್ಲಿಷಲ್ಲಿ ಬಾಯಿಗೆ ಬರ್ಲೇ ಇಲ್ಲ. ಎಕ್ಸ್‌ಪೀರಿಯನ್ಸ್ ಅಂದೆ. ಅವ ಇನ್‌ಸ್ಟಿಂಕ್ಟ್ ಅಂತ ಬರ್ಕೊಂಡ, ಹುಟ್ಟುಗುಣ ಅಂದ ಹಾಗೆ."

ಅವನು ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ.

"ಜೊವಿಟಾ, ಅದು ನಾನು ಯೋಚನೆ ಮಾಡಿಯೇ ಕಂಡುಹಿಡಿದದ್ದಲ್ವಾ? ಸುಮ್ಮನೆ ಅದೃಷ್ಟಕ್ಕೆ ಆದದ್ದಲ್ಲ ಅಲ್ವಾ?"

"ಯೋಚನೆ ಮಾಡಿಯೇ. ಆ ದಿನ ಮನೆಗೆ ಬಂದು ನಂಗೆ ಪೂರ್ತಿ ಹೇಳಿದ್ರಿ."

"ಎಂತ ಹೇಳಿದೆ?"

ಅವಳು ಎದುರಿನ ಕುರ್ಚಿಯಲ್ಲಿ ಕೂತು ಹೇಳಿದಳು. ಹಿಂದಿನ ದಿನ ಕರೆಂಟು ಹೋಗಿ ಫ್ಯಾನು ಅರ್ಧ ದಿನ ನಿಂತಿತ್ತು. ಸಮುದ್ರದ ತೇವಕ್ಕೆ ರೆಕ್ಕೆಗಳ ಮೇಲಿನ ಧೂಳು ಗಟ್ಟಿಯಾಗಿ ಕೂತಿತ್ತು. ಮತ್ತೆ ಶುರು ಮಾಡಿದಾಗ ಒಂದು ಬದಿಯ ಧೂಳು ಮಾತ್ರ ಕಿತ್ತುಹೋಯಿತು, ಇನ್ನೊಂದು ಬದಿ ಭಾರವಾಗಿಯೇ ಉಳಿಯಿತು, ಅದಕ್ಕೇ ಅದು ನಡುಗುತ್ತಿದ್ದದ್ದು. ಬೇರಿಂಗ್ ಸವೆದುಹೋಗಿದ್ದರೆ ನಡುಕ ಸ್ವಲ್ಪ ಸ್ವಲ್ಪವಾಗಿ ಏರುತ್ತಿತ್ತು, ಒಂದೇ ದಿನದಲ್ಲಿ ಬರುತ್ತಿರಲಿಲ್ಲ. ನೀವು ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ ಹಚ್ಚಿ, ಹಿಡಿಗೆ ಕಿವಿ ಕೊಟ್ಟು ಕೇಳಿದ್ದು ಕೊನೆಗೆ, ಖಾತ್ರಿಗೆ ಮಾತ್ರ, ಅಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿತ್ತು, ಎಂದಳು.

ಡೆಸ್ಮಂಡ್ ಅವಳ ಬಾಯಿಯನ್ನೇ ನೋಡುತ್ತ, ತನಗೆ ಗೊತ್ತಿಲ್ಲದ ಯಾರದೋ ವಿಷಯ ಕೇಳುವವನಂತೆ, ಪೂರ್ತಿ ಕೇಳಿದ.

"ಹಾಗೆಲ್ಲ ಯೋಚಿಸಿದ್ನಾ ನಾನು?" ಎಂದ. "ಇನ್ನೊಂದ್ಸಲ ಹೇಳು."