ಹೆಬ್ಬೆರಳಗಲದ ತೂತು

ಯುರೋಪಿನ ಹನ್ನೆರಡು ದೇಶಗಳು ಒಂದೇ ಸಂತೆಯಾಗಲು ಇನ್ನು ಹದಿನಾಲ್ಕೇ ತಿಂಗಳು ಉಳಿದಿದ್ದಾಗ, ಆ ಖಂಡದ ಭವಿಷ್ಯಕ್ಕೆ ಅಡ್ಡಲಾಗಿ ನಿಂತಿದ್ದದ್ದು ಒಂದು ತೂತು ಎಂಬುದನ್ನು ಮೊದಲೇ ಗಂಭೀರವಾಗಿ ಅರಿಕೆ ಮಾಡಿಬಿಡುವುದು ಒಳ್ಳೆಯದು. ಹೆಬ್ಬೆರಳು ತೂರುವಷ್ಟು ಅಗಲದ ತೂತು. ಡೆನ್ಮಾರ್ಕಿನಲ್ಲಿ ಮಾರುವ ಯಾವುದೇ ದೊಡ್ಡ ಮರದ ಪೆಟ್ಟಿಗೆಗೆ, ಮುಚ್ಚಳದಿಂದ ಅರ್ಧ ಗೇಣು ಕೆಳಗೆ, ಎದುರು ಹಲಗೆಯಲ್ಲಿ ಅದು ಇರಲೇಬೇಕೆಂದು ಅಲ್ಲಿಯ ನಿಯಮ ಹೇಳುತ್ತಿತ್ತು. ಉಳಿದ ಹನ್ನೊಂದು ದೇಶಗಳ ನಿಯಮ ಹಾಗೆ ಹೇಳುತ್ತಿರಲಿಲ್ಲ. ಹೀಗಾಗಿ ಇಟಲಿಯ ಪೆಟ್ಟಿಗೆಗಳು ಡೆನ್ಮಾರ್ಕಿನ ಗಡಿಯವರೆಗೆ ಬಂದು, ತೂತಿಲ್ಲದ ತಪ್ಪಿಗೆ ಬಂದ ಲಾರಿಯಲ್ಲೇ ವಾಪಸು ಹೋಗುತ್ತಿದ್ದವು.

ಬ್ರಸೆಲ್ಸಿನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ, ಮನೆಬಳಕೆಯ ಮರದ ಸಾಮಾನುಗಳ ಸಮಿತಿ ಇದಕ್ಕೆಂದೇ ಒಂದಿಡೀ ಬೆಳಿಗ್ಗೆಯನ್ನು ಮೀಸಲಿಟ್ಟಿತ್ತು. ಹಿಂದಿನ ಸಭೆಯಲ್ಲಿ ಏಣಿಯ ಮೆಟ್ಟಿಲುಗಳ ನಡುವಿನ ಅಂತರ ಇತ್ಯರ್ಥವಾಗಿತ್ತು. ಮುಂದಿನ ಸಭೆಗೆ ಇಸ್ತ್ರಿ ಮೇಜಿನ ಕಾಲುಗಳು ಕಾದಿದ್ದವು.

ಡೆನ್ಮಾರ್ಕಿನ ಪರವಾಗಿ ಕೂತವಳು ಬೋದಿಲ್ ರೌನ್‌ಕಿಲೆ. ಐವತ್ತೆರಡು ವಯಸ್ಸು, ಬೂದು ಕೋಟು, ಕೈಯಲ್ಲಿ ಸದಾ ಚೂಪು ಮಾಡಿದ ಪೆನ್ಸಿಲು. ಆರು ವರ್ಷಗಳಿಂದ ಸಮಿತಿಯಲ್ಲಿದ್ದರೂ ಒಂದು ವಿಷಯದಲ್ಲಿ ಅವಳು ಉಳಿದವರ ದಾರಿಗೆ ಬಂದಿರಲಿಲ್ಲ. ಅಧ್ಯಕ್ಷ ಓಸ್ಟರ್‌ಟಾಗ್ ಹಿಂದೆ ಜರ್ಮನಿಯಲ್ಲಿ ಪ್ರಾಧ್ಯಾಪಕನಾಗಿದ್ದವನು. ಅಲ್ಲಿಯ ವಿದ್ಯಾರ್ಥಿಗಳು ಪಾಠ ಮೆಚ್ಚಿದರೆ ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಆ ಚಾಳಿಯನ್ನು ಅವನು ಸಮಿತಿಗೂ ಹತ್ತಿಸಿದ್ದ. ಒಂದು ಅಡ್ಡಿ ತೊಲಗಲು ಒಪ್ಪಿಗೆಯಾಯಿತೆಂದರೆ ಹನ್ನೊಂದು ದೇಶಗಳು ಮೇಜು ಕುಟ್ಟುತ್ತಿದ್ದವು. ಗ್ರೀಸಿನವನಂತೂ ತಾಳ ಹಾಕಿ ಕುಟ್ಟುತ್ತಿದ್ದ. ಬೋದಿಲ್ ಮಾತ್ರ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಸದ್ದು ನಿಲ್ಲುವವರೆಗೆ ಕಿಟಕಿ ನೋಡುತ್ತಿದ್ದಳು. ಅದು ಉತ್ತರದವರ ಬಿಗುಮಾನ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಬಿಗುಮಾನವಾಗಿರಲಿಲ್ಲ. ಮರದ ಮೇಲೆ ಗೆಣ್ಣು ಬಡಿಯುವ ಸದ್ದು ಒಂಬತ್ತನೇ ವಯಸ್ಸಿನಿಂದ ಅವಳ ಬೆನ್ನಿಗಿತ್ತು. ಹೋಟೆಲಿನ ಗೋಡೆಯಾಚೆಯಿಂದ, ದೋಣಿಯ ಬೆಂಚಿನಡಿಯಿಂದ, ಗಂಡ ಬದುಕಿದ್ದಾಗ ಅವನ ಎರಡು ಗೊರಕೆಗಳ ನಡುವಿನಿಂದ ಅದು ಬರುತ್ತಿತ್ತು. ಮೊದಲು ಮೂರು ಸಲ. ಆಮೇಲೆ ಎರಡು. ಆಮೇಲೆ ಒಂದು.

ಆ ದಿನ ಬೋದಿಲ್ ಸಭೆಗೆ ಬಂದಾಗ, ಕುದುರೆ ಲಾಳದಾಕಾರಕ್ಕೆ ಜೋಡಿಸಿದ ಮೇಜುಗಳ ನಟ್ಟನಡುವೆ ಒಂದು ಪೆಟ್ಟಿಗೆ ಕೂತಿತ್ತು. ಇಟಲಿಯ ಪ್ರತಿನಿಧಿ ಫುಲ್ವಿಯೊ ಅದನ್ನು ಸಾಕ್ಷಿಯೆಂದು ಹೊರಿಸಿಕೊಂಡು ಬಂದಿದ್ದ. ವಾಲ್ನಟ್ ಮರ, ಎದುರಿಗೆ ಕೆತ್ತನೆ, ಮುಚ್ಚಿದರೆ ತಾನಾಗಿ ಬೀಳುವ ಚಿಲಕ. ಒಳಗೆ ಐದು ವರ್ಷದ ಮಗು ಕಾಲು ಮಡಚಿ ಮಲಗುವಷ್ಟು ಜಾಗ. ಈ ಅಳತೆಯನ್ನು ಬೋದಿಲ್ ಬಿಟ್ಟು ಬೇರೆ ಯಾರೂ ತೆಗೆಯಲಿಲ್ಲ.

"ಏನ್ರೀ ಬೋದಿಲ್," ಎಂದ ಪಕ್ಕದ ಕುರ್ಚಿಯ ಬೆಲ್ಜಿಯಮ್ಮಿನ ಲೀವನ್, ಚಾಕೊಲೇಟಿನ ಡಬ್ಬಿ ಅವಳತ್ತ ಸರಿಸುತ್ತ. "ನಿಮ್ಮೂರಲ್ಲಿ ಪೆಟ್ಟಿಗೇಲಿಟ್ಟ ರಜಾಯಿನೂ ಉಸಿರಾಡುತ್ತಾ? ಅದಕ್ಕೂ ಗಾಳಿ ಬೇಕಾ?"

"ನೀವು ಒಂದ್ಸಲ ಒಳಗೆ ಮಲಗಿ ನೋಡಿ. ಆಮೇಲೆ ಹೇಳಿ."

"ನಾನು ಅದ್ರೊಳಗೆ ಹಿಡಿಸಲ್ಲ ಬಿಡ್ರೀ. ಈ ಚಾಕೊಲೇಟ್ ಡಬ್ಬಿ ನನ್ನ ಊದಿಸಿಬಿಟ್ಟಿದೆ."

ಫುಲ್ವಿಯೊ ಎದ್ದು ಪೆಟ್ಟಿಗೆಯ ಪಕ್ಕ ನಿಂತ. "ಅಧ್ಯಕ್ಷರೇ, ಇದು ಮದುವೆ ಪೆಟ್ಟಿಗೆ. ನಮ್ ಕಡೆ ಮಗಳ ಜೊತೆ ಹೋಗೋದು. ಎದುರು ಹಲಗೇಲಿ ಸಂತ ಅನ್ನಾ ಇದಾಳೆ, ನೋಡಿ. ಡೆನ್ಮಾರ್ಕಿನವರು ಹೇಳೋ ಜಾಗದಲ್ಲಿ ತೂತು ಕೊರೆದ್ರೆ ಸರಿಯಾಗಿ ಆಯಮ್ಮನ ಬಾಯಿಗೇ ಬೀಳುತ್ತೆ. ಬಾಯಿ ಬಿಟ್ಕೊಂಡಿರೋ ಸಂತಳನ್ನ ಕಳಿಸಿದ್ರೆ ಬೀಗರು ಏನಂತಾರೆ?"

"ಬಾಯಿ ಮುಚ್ಚಿರೋ ಸಂತಳಿಗಿಂತ ವಾಸಿ," ಎಂದಳು ಬೋದಿಲ್.

ಎಲ್ಲರೂ ನಕ್ಕರು. ಅವಳು ತಮಾಷೆ ಮಾಡುವುದು ಅಪರೂಪ. ಅದು ತಮಾಷೆಯೇ ಇರಬೇಕೆಂದು ಅಂದುಕೊಂಡರು.

"ಅವರದೇ ವರದಿ ಓದಿದೀನಿ," ಫುಲ್ವಿಯೊ ಮುಂದುವರಿಸಿದ. "ಮೂವತ್ತಾರು ವರ್ಷದಲ್ಲಿ ಒಂದೇ ಒಂದು ಅಪಘಾತ ಇಲ್ಲ."

"ತೂತು ಇದೆಯಲ್ಲ, ಅದಕ್ಕೇ ಇಲ್ಲ."

"ನಮ್ಮಲ್ಲಿ ತೂತೂ ಇಲ್ಲ, ಅಪಘಾತಾನೂ ಇಲ್ಲ. ಇದಕ್ಕೇನಂತೀರಿ?"

ಓಸ್ಟರ್‌ಟಾಗ್ ಕನ್ನಡಕ ತೆಗೆದು ಒರೆಸಿದ. ಅವನು ಕೆಟ್ಟವನಲ್ಲ. "ಡೆನ್ಮಾರ್ಕ್ ಕೇಳಿಸ್ಕೊಳ್ಲಿ. ಜೀವಕ್ಕೆ ಅಪಾಯ ಅಂತ ತೋರಿಸಿಕೊಟ್ರೆ ತೂತು ಉಳಿಯುತ್ತೆ, ನಾನೇ ಇಟಲಿಯವರಿಗೆ ಬೈರಿಗೆ ತಗೊಂಡ್ ಕೊಡ್ತೀನಿ. ಕಾರಣ ಇಲ್ದೆ ಹೋದ್ರೆ ಅದು ವ್ಯಾಪಾರಕ್ಕೆ ಬರೀ ಅಡ್ಡಗೋಡೆ. ನಿಮ್ಮ ಕಡತದಲ್ಲಿ 'ಉದ್ದೇಶ' ಅನ್ನೋ ಕಡೆ ಒಂದು ಅಡ್ಡಗೆರೆ ಬಿಟ್ರೆ ಏನೂ ಇಲ್ವಲ್ಲ ಮೇಡಂ. ಈ ತೂತು ಯಾಕೆ ಬಂತು?"

ಮೂಲ ಕಡತ ಡೆನ್ಮಾರ್ಕಿನ ಸಚಿವಾಲಯ ಕಟ್ಟಡ ಬದಲಿಸಿದಾಗ ಕಳೆದುಹೋಗಿತ್ತು. ಅದರಲ್ಲಿ ಲಾಂಗೆಲಾನ್ ದ್ವೀಪದ ಒಬ್ಬ ಬಡಗಿ, ಪೆಟ್ಟಿಗೆಗೆ ತೂತು ಕಡ್ಡಾಯ ಮಾಡಿ ಎಂದು ಏಳು ವರ್ಷ ಬಿಡದೆ ಬರೆದ ಪತ್ರಗಳಿದ್ದವು. ಆ ಬಡಗಿ ಬೋದಿಲಳ ಅಪ್ಪ. ಸತ್ತು ಇಪ್ಪತ್ತು ವರ್ಷ. ತೂತು ಯಾಕೆ ಬಂತೆಂದು ಈಗ ಬಲ್ಲವಳು ಅವಳೊಬ್ಬಳೇ. ಅಪ್ಪನಿಗೆ ಗೊತ್ತಿಲ್ಲದ ಪಾಲೂ ಅವಳಿಗೆ ಗೊತ್ತಿತ್ತು.

ಅವಳಿಗೆ ಒಂಬತ್ತಾಗಿದ್ದಾಗ ತಮ್ಮ ಆಸ್ಗರ್‌ಗೆ ಐದು ವರ್ಷ. ಅಪ್ಪನ ಕೆಲಸದ ಕೊಟ್ಟಿಗೆಯಲ್ಲಿ ಇಬ್ಬರೂ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಅವನು ಹಾಸಿಗೆ ಬಟ್ಟೆಯ ಹೊಸ ಪೆಟ್ಟಿಗೆಯೊಳಗೆ ಅಡಗಿದ, ಚಿಲಕ ಬಿತ್ತು. ಬೋದಿಲಳಿಗೆ ಅದು ಗೊತ್ತಾಗದೆ ಇರಲಿಲ್ಲ. ಅವನು ಕುಟ್ಟಿದ. ಅವಳು ಮೆಟ್ಟಿಲ ಮೇಲೆ ಕೂತು ಸಕ್ಕರೆ ಉದುರಿಸಿದ ಕರಿ ಬ್ರೆಡ್ಡು ತಿನ್ನುತ್ತಿದ್ದಳು. ಬೆಳಿಗ್ಗೆ ತನ್ನ ಗಾಳಿಪಟ ಹರಿದಿದ್ದಾನೆ, ಸ್ವಲ್ಪ ಹೊತ್ತು ಕುಟ್ಟಲಿ ಎಂದುಕೊಂಡಳು. ಮೂರು ಸಲ, ಎರಡು ಸಲ, ಒಂದು ಸಲ. ಬ್ರೆಡ್ಡು ಮುಗಿದ ಮೇಲೆ ಹೋದಳು. ಕರೆದರೆ ಉತ್ತರವಿರಲಿಲ್ಲ; ಮುಚ್ಚಳ ಎತ್ತುವ ಧೈರ್ಯವಾಗದೆ ಸಮುದ್ರದ ಕಡೆಗೆ ಓಡಿದಳು. ಸಂಜೆ ಕೇಳಿದವರಿಗೆಲ್ಲ, ತಾನು ಇಡೀ ದಿನ ದಂಡೆಯಲ್ಲಿ ಚಿಪ್ಪು ಆರಿಸುತ್ತಿದ್ದೆ ಎಂದಳು. ಇವತ್ತಿಗೂ ಅದೇ ಅವಳ ಹೇಳಿಕೆ.

ಈಗ ಬಾಯಿ ಬಿಟ್ಟರೆ ತೂತು ಉಳಿಯುತ್ತಿತ್ತು. ಅವಳು ಮೇಜಿನ ಮೇಲಿದ್ದ ದೇಶದ ಹೆಸರಿನ ಹಲಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಆ ಸಮಿತಿಯಲ್ಲಿ ಮಾತಾಡಬೇಕಾದವರು ಮಾಡುವುದು ಹಾಗೆ.

"ಡೆನ್ಮಾರ್ಕ್, ಹೇಳಿ."

ಮೈಕಿನ ಕೆಂಪು ದೀಪ ಹತ್ತಿತು. ಗಾಜಿನ ಗೂಡುಗಳಲ್ಲಿ ದುಭಾಷಿಗಳು ಮುಂದಕ್ಕೆ ಬಾಗಿದರು. "ನಾನು," ಎಂದಳು ಬೋದಿಲ್. "ನಂಗೆ ಕೇಳಿಸ್ತು." ಕೇಳಿಸಿದ್ದೇನೆಂದು ಹೇಳಲು ಅವಳ ಹತ್ತಿರ ಪದವಿರಲಿಲ್ಲ, ಸದ್ದು ಮಾತ್ರ ಇತ್ತು. ತೊಡೆಯ ಕೆಳಗಿನಿಂದ ಬಲಗೈ ತೆಗೆದು ಮೇಜಿನ ಮೇಲೆ ಮಡಚಿದಳು. ಮೂರು ಸಲ ಕುಟ್ಟಿದಳು. ನಿಲ್ಲಿಸಿ, ಎರಡು ಸಲ. ಬಹಳ ಹೊತ್ತು ಬಿಟ್ಟು, ಒಂದು ಸಲ, ಮೆಲ್ಲಗೆ.

ದುಭಾಷಿಗಳು ಒಂಬತ್ತು ಭಾಷೆಗಳಲ್ಲಿ ಸುಮ್ಮನಿದ್ದರು.

ಮೊದಲು ಅರ್ಥವಾದದ್ದು ಲೀವನ್‌ಗೆ, ಅಥವಾ ಹಾಗೆಂದು ಅವನು ತಿಳಿದ. "ಅಂತೂ ಡೆನ್ಮಾರ್ಕಿಗೂ ಕೈ ಇದೆ ಕಣ್ರೀ," ಎಂದು ತಾನೂ ಕುಟ್ಟತೊಡಗಿದ. ಅಧ್ಯಕ್ಷನ ಮುಖ ಅರಳಿತು. ಡೆನ್ಮಾರ್ಕ್ ಮೇಜು ಕುಟ್ಟಿದ್ದು ಆರು ವರ್ಷದಲ್ಲಿ ಮೊದಲ ಸಲ. ಫುಲ್ವಿಯೊ ಪೆಟ್ಟಿಗೆಯ ಮುಚ್ಚಳವನ್ನೇ ಕುಟ್ಟಿದ, ಅದು ಒಳಗೆ ಪೊಳ್ಳಾಗಿ ಮೊಳಗಿತು. ಗ್ರೀಸು, ಪೋರ್ಚುಗಲ್ಲು, ಐರ್ಲೆಂಡು, ಲಾಳದ ಎರಡೂ ತುದಿಯವರೆಗೆ ಎಲ್ಲ ಗೆಣ್ಣುಗಳೂ ಸೇರಿಕೊಂಡವು. ನೀರಿನ ಲೋಟಗಳು ನಡುಗಿದವು.

ಅಲ್ಲ ಎನ್ನಲು ಅವಳಿಗೆ ಸಮಯವಿತ್ತು. ಹಲಗೆ ಇನ್ನೂ ನೆಟ್ಟಗೇ ನಿಂತಿತ್ತು, ಕೆಂಪು ದೀಪ ಉರಿಯುತ್ತಲೇ ಇತ್ತು. ಅಂದು ಒಬ್ಬನೇ ಕುಟ್ಟಿದ್ದ. ಇಂದು ಹನ್ನೊಂದು ದೇಶಗಳು ಕುಟ್ಟುತ್ತಿದ್ದವು. ಅಂದು ಹೇಗೆ ಕೂತಿದ್ದಳೋ ಹಾಗೆಯೇ ಕೂತಿದ್ದಳು. ಸದ್ದು ತಾನಾಗಿ ಕಡಿಮೆಯಾಯಿತು, ಚದುರಿತು, ನಿಂತಿತು.

"ಡೆನ್ಮಾರ್ಕಿಗೆ ಇನ್ನೇನಾದ್ರೂ ಸೇರಿಸೋದಿದೆಯಾ?" ಎಂದ ಓಸ್ಟರ್‌ಟಾಗ್.

"ಇಲ್ಲ," ಎಂದಳು.

ಊಟಕ್ಕೆ ಎಲ್ಲರೂ ಹೋದ ಮೇಲೆ ಅವಳು ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳ ಎತ್ತಿದಳು. ಒಳಗೆ ಸ್ವಲ್ಪ ಹುಡಿ ಮತ್ತು ಅರಗಿನ ವಾಸನೆ. ತನ್ನ ದೇಶದ ಹೆಸರಿನ ಹಲಗೆಯನ್ನು ಮುಚ್ಚಳದ ಸಂದಿಗೆ ಅಡ್ಡ ಕೊಟ್ಟು, ಮೂರು ಬೆರಳಷ್ಟು ತೆರೆದಿಟ್ಟು ಹೊರಟಳು. ಸಂಜೆ ಕೋಣೆ ಓರಣ ಮಾಡಲು ಬಂದ ಜವಾನ ಹಲಗೆಯನ್ನು ತೆಗೆದು ಕಪಾಟಿಗೆ ಸೇರಿಸಿದ. ಮುಚ್ಚಳ ಬಿತ್ತು, ಅದರ ಹಿಂದೆಯೇ ಚಿಲಕ.

ಡೆನ್ಮಾರ್ಕ್ ಮನಃಪೂರ್ವಕ ಒಪ್ಪಿತು ಎಂದು ನಡಾವಳಿಯಲ್ಲಿ ದಾಖಲಾಯಿತು. ಸಾವಿರದ ಒಂಬೈನೂರ ತೊಂಬತ್ತಮೂರರ ಜನವರಿ ಒಂದರಿಂದ ಪೆಟ್ಟಿಗೆಗಳಿಗೆ ತೂತು ಬೇಕಿಲ್ಲವೆಂದಾಯಿತು.