ಕರೇಕಲ್ಲಿನ ಎಪ್ಪತ್ತೆಂಟು ಡಿಗ್ರಿ

ನಾನು ಒಂದು ಥರ್ಮಾಮೀಟರು. ಹುಟ್ಟಿದ್ದು ಲಂಡನ್ನಿನ ಒಂದು ಓಣಿಯಲ್ಲಿ, ಗಾಜು ಊದುವ ಮುದುಕನೊಬ್ಬನ ಉಸಿರಿನಿಂದ. ಅವನು ನನ್ನ ಬುರುಡೆಗೆ ಪಾದರಸ ತುಂಬಿದ. ಒಮ್ಮೆ ಕರಗುವ ಮಂಜುಗಡ್ಡೆಯಲ್ಲಿ, ಒಮ್ಮೆ ಕುದಿಯುವ ನೀರಿನಲ್ಲಿ ಅದ್ದಿ, ಹಿತ್ತಾಳೆಯ ಪಟ್ಟಿಯ ಮೇಲೆ ಗೆರೆ ಕೊರೆದ. ಆ ಎರಡು ಸ್ನಾನಗಳಲ್ಲಿ ನಾನು ಕಲಿತದ್ದು ಇಷ್ಟೆ: ಬಿಸಿಯಾದರೆ ಏರಬೇಕು, ತಣ್ಣಗಾದರೆ ಇಳಿಯಬೇಕು, ಯಾರ ಮುಖವನ್ನೂ ನೋಡಬಾರದು. ಇನ್ನೂರು ವರ್ಷ ಹಾಗೆಯೇ ನಡೆದುಕೊಂಡು ಬಂದಿದ್ದೇನೆ. ಆದರೂ ನನ್ನ ಹೆಸರಿನಲ್ಲಿ ಹೊರಟ ಒಂದು ಸುಳ್ಳು ಇವತ್ತಿಗೂ ನನ್ನ ಪಕ್ಕದಲ್ಲೇ ಕೂತಿದೆ. ಅದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹಡಗಿನಲ್ಲಿ ಮದ್ರಾಸಿಗೆ ಬಂದೆ. ಅಲ್ಲಿ ನನ್ನನ್ನು ಕೊಂಡವರು ವಾರ್ಡ್ಲೋ ಎಂಬ ದಂಡಿನ ಡಾಕ್ಟರು. ಆ ಕಾಲದಲ್ಲಿ ಕಾಯಿಲೆ ಹುಟ್ಟುವುದೇ ಕೆಟ್ಟ ಗಾಳಿಯಿಂದ ಎಂದು ಡಾಕ್ಟರುಗಳು ನಂಬಿದ್ದರು. ಬಿಡದ ಜ್ವರಕ್ಕೆ, ಹೊಟ್ಟೆಯ ಬೇನೆಗೆ ಊರು ಬದಲಿಸುವುದೇ ದೊಡ್ಡ ಮದ್ದು. ಯಾವ ಊರಿನ ಗಾಳಿ ಎಂಥದು, ರೋಗಿಗಳು ಯಾವ ತಿಂಗಳಲ್ಲಿ ಪಲ್ಲಕ್ಕಿ ಏರಿ ಎಲ್ಲಿಗೆ ಹೋಗಬೇಕು ಎಂದು ತಿಳಿಸುವ ಒಂದು ಪುಸ್ತಕ ಬರೆಯಬೇಕೆಂದು ನಮ್ಮ ಡಾಕ್ಟರಿಗೆ ಹುಚ್ಚು ಹಿಡಿದಿತ್ತು. ಆ ಹುಚ್ಚಿಗೆ ನಾನು ಸಾಕ್ಷಿ.

ಅವರಿಗೆ ಬಳ್ಳಾರಿ ಸೀಮೆಯ ಕರೇಕಲ್ಲಿಗೆ ವರ್ಗವಾಯಿತು. ಮೂರು ಕಡೆ ಬಂಡೆ, ಒಂದು ಕಡೆ ಕೆರೆ, ನಡುವೆ ಒಂದು ಹಳೇ ಕೋಟೆ. ನನ್ನನ್ನು ಬಂಗಲೆಯ ಪಡುವಣ ಜಗುಲಿಯ ಗೋಡೆಗೆ ನೇತುಹಾಕಿದರು. ನೆರಳಿರಬೇಕು, ಗಾಳಿಯಾಡಬೇಕು ಎಂಬುದು ನಿಯಮ. ನೆರಳೂ ಇತ್ತು, ಗಾಳಿಯೂ ಇತ್ತು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು, ತಲೆದೂಗಿ, ಕೈ ಒರೆಸಿಕೊಂಡು ಒಳಗೆ ಹೋದರು.

ದಿನಕ್ಕೆ ಮೂರು ಹೊತ್ತು ನನ್ನನ್ನು ಓದುತ್ತಿದ್ದವನು ಚೌರಪ್ಪ. ಶ್ರೀರಂಗಪಟ್ಟಣದ ಕಡೆಯ ಕ್ರೈಸ್ತ, ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಡ್ರೆಸ್ಸರ್. ಕಣ್ಣು ಚುರುಕು, ಅಕ್ಷರ ದುಂಡಗೆ. ನಡುಹಗಲಿನಲ್ಲಿ ಡಾಕ್ಟರು ಮಲಗಿರುತ್ತಿದ್ದರು. ಚೌರಪ್ಪ ಬರಿಗಾಲಲ್ಲಿ ಬಂದು, ನನ್ನ ಎದುರು ನಿಂತು, ಕೋಷ್ಟಕದಲ್ಲಿ ಬರೆಯುತ್ತಿದ್ದ: ಎಪ್ಪತ್ತೆಂಟು. ಮರುದಿನ ಎಪ್ಪತ್ತೊಂಬತ್ತು. ಮತ್ತೆ ಎಪ್ಪತ್ತೆಂಟು. ನನ್ನ ಲೆಕ್ಕದಲ್ಲಿ ಆರೋಗ್ಯವಂತರ ಮೈಬಿಸಿ ತೊಂಬತ್ತೆಂಟು. ಎಪ್ಪತ್ತೆಂಟು ಅಂದರೆ ಹಿತವಾದ ತಂಪು. ಬೇಸಿಗೆಯ ನಡುಹಗಲಿನಲ್ಲಿ ಬಳ್ಳಾರಿ ಸೀಮೆಯಲ್ಲಿ ಅಂಥ ತಂಪು. ಡಾಕ್ಟರು ಹಿಗ್ಗಿಹೋದರು. ಜೀವಮಾನವೆಲ್ಲ ಹುಡುಕಿದ ಊರು ಸಿಕ್ಕಿತು ಎಂದುಕೊಂಡರು.

ನಿಜ ಏನೆಂದರೆ, ನಾನು ನೇತಾಡುತ್ತಿದ್ದ ಜಗುಲಿಗೆ ಲಾವಂಚದ ತಟ್ಟಿ ಕಟ್ಟಿದ್ದರು. ಖಾದರ್ ಸಾಬಿ ಎಂಬ ಭಿಸ್ತಿ ಕೆರೆಯಿಂದ ತೊಗಲಿನ ಚೀಲದಲ್ಲಿ ನೀರು ಹೊತ್ತು ತಂದು ಹಗಲೆಲ್ಲ ಆ ತಟ್ಟಿಗೆ ಹೊಡೆಯುತ್ತಿದ್ದ. ಹೊರಗಿನ ಉರಿಗಾಳಿ ಒದ್ದೆ ಲಾವಂಚವನ್ನು ಹಾದು ಒಳಗೆ ಬರುವಾಗ ತಣ್ಣಗಾಗುತ್ತಿತ್ತು. ನಾನು ಅಳೆಯುತ್ತಿದ್ದುದು ಅದನ್ನು. ಕೇಳಿದ ಜಾಗದಲ್ಲಿ ಇರುವುದನ್ನು ಹೇಳಿದೆ. ತಪ್ಪು ಜಾಗದಲ್ಲಿ ಕೇಳುತ್ತಿದ್ದೀರಿ ಎಂದು ಹೇಳಲು ನನಗೆ ಬಾಯಿಯಿಲ್ಲ.

ಇದನ್ನು ಮೊದಲು ಕಂಡವನು ಅಕ್ಷರ ಬಾರದ ಖಾದರ್ ಸಾಬಿ.

"ಚೌರಪ್ನೋರೇ, ಇಲ್ಲೊಂಚೂರು ನೋಡ್ರಿ," ಅಂದ ಒಂದು ದಿನ. "ನಾ ನೀರು ಹೊಡದ ಕೂಡ್ಲೇ ಈ ರಸ ಕೆಳಗ ಇಳಿತೈತಿ. ಚೀಲ ತುಂಬಿಸ್ಕೊಂಡು ಬರೋದು ತಡ ಆತಂದ್ರ ಮೇಲಕ್ಕ ಏರತೈತಿ. ಇದು ಊರಿನ ತಂಪಲ್ಲರಿ. ನನ್ನ ಬೆನ್ನಿನ ತಂಪು."

ಚೌರಪ್ಪ ಕೋಷ್ಟಕದ ಹಾಳೆಗಳನ್ನು ಹಿಂದಕ್ಕೆ ಮಗುಚಿದ. "ಹನ್ನೊಂದು ತಿಂಗಳಾಯ್ತಲ್ಲ ಸಾಬರೇ, ನಾನು ಇದನ್ನ ಬರೀತಾ," ಅಂದ.

ಮರುದಿನ ನಡುಹಗಲಿನಲ್ಲಿ ಅವನು ನನ್ನನ್ನು ಮೊಳೆಯಿಂದ ಬಿಡಿಸಿ, ಆಸ್ಪತ್ರೆಯ ಹಿಂದಿನ ಬೇವಿನ ಮರದ ನೆರಳಿಗೆ ಒಯ್ದು ಕಟ್ಟಿದ. ನಾನು ಏರಿದೆ. ಹನ್ನೊಂದು ತಿಂಗಳಿನಿಂದ ಕಟ್ಟಿಹಾಕಿದ್ದ ಮಾತು ಒಂದೇ ಸಲಕ್ಕೆ ಹೊರಬಿದ್ದಂತಾಯಿತು. ನೂರ ನಾಲ್ಕು.

ಡಾಕ್ಟರು ಎದ್ದ ಮೇಲೆ ಚೌರಪ್ಪ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ನಿಂತ. ಅವರಿಬ್ಬರ ಮಾತು ದಂಡಿನ ಇಂಗ್ಲಿಷಿನಲ್ಲಿ ನಡೆಯಿತು, ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ.

"ನನ್ನ ಉಪಕರಣ ಮುಟ್ಟು ಅಂತ ನಿನಗೆ ಯಾರು ಹೇಳಿದರು?"

"ತಪ್ಪಾಯ್ತು ದೊರೆ. ಆದರೆ ಜಗುಲಿಗೆ ತಟ್ಟಿ ಇದೆ, ನೀರಿದೆ. ಕೋಷ್ಟಕದ ಕೆಳಗೆ ಒಂದೇ ಒಂದು ಸಾಲು ಸೇರಿಸಿ. ಇದು ತಟ್ಟಿ ನೆನೆಸಿದಾಗಿನ ತಂಪು ಅಂತ. ಅಷ್ಟು ಸಾಕು. ಆ ಪುಸ್ತಕ ನಂಬಿಕೊಂಡು ಕಾಯಿಲೆಯವರು ಬರ್ತಾರೆ."

ಡಾಕ್ಟರು ಕೋಷ್ಟಕ ನೋಡಿದರು. ಹನ್ನೊಂದು ತಿಂಗಳ ದುಂಡು ಅಂಕಿಗಳು, ಒಂದು ಕಾಟು ಇಲ್ಲ, ಒಂದು ಖಾಲಿ ಮನೆ ಇಲ್ಲ. ಅಷ್ಟು ಚೆಂದದ ಹಾಳೆಯನ್ನು ಕೆಡಿಸಲು ಅವರಿಗೆ ಮನಸ್ಸು ಬರಲಿಲ್ಲ. ಬೇವಿನ ಮರದ ಹತ್ತಿರ ಬಂಡೆ ಕಾಯುತ್ತದೆ, ಆ ಓದು ಲೆಕ್ಕಕ್ಕಿಲ್ಲ ಎಂದರು. ನನ್ನನ್ನು ಮತ್ತೆ ಅದೇ ಮೊಳೆಗೆ ಹಾಕಿದರು. ಚೌರಪ್ಪ ಹನ್ನೆರಡನೆಯ ತಿಂಗಳನ್ನೂ ಬರೆದ.

ಪುಸ್ತಕ ಅಚ್ಚಾಯಿತು. ಕಾಯಿಲೆಯವರು ಬೇಸಿಗೆಗೆ ಕರೇಕಲ್ಲಿಗೆ ಹೋಗಲಿ, ಅಲ್ಲಿ ನಡುಹಗಲಿಗೂ ಎಪ್ಪತ್ತೆಂಟು ಡಿಗ್ರಿ ಎಂದು ಅದರಲ್ಲಿತ್ತು. ಖಾದರ್ ಸಾಬಿಯ ಹೆಸರಿರಲಿಲ್ಲ. ಡಾಕ್ಟರು ಹೊಗಳಿಸಿಕೊಂಡು ಮದ್ರಾಸಿಗೆ ಹೋದರು. ಇಲ್ಲಿನ ಓದು ಮುಂದುವರಿಯಲಿ ಎಂದು ನನ್ನನ್ನು ಗೋಡೆಯಲ್ಲೇ ಬಿಟ್ಟರು. ಮೇಲಿನ ಕಚೇರಿಯವರೂ ಪುಸ್ತಕ ಓದಿದರು. ಇಷ್ಟು ತಂಪಾದ ಊರಿಗೆ ಲಾವಂಚದ ತಟ್ಟಿ ಯಾಕೆ, ನೀರು ಹೊಡೆಯಲು ಆಳು ಯಾಕೆ ಎಂದು ಹುಕುಂ ಬಂತು. ತಟ್ಟಿ ಬಿಚ್ಚಿದರು, ಖಾದರ್ ಸಾಬಿಯನ್ನು ಕೆಲಸದಿಂದ ತೆಗೆದರು. ಇಂಥ ಬುದ್ಧಿಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಏಪ್ರಿಲ್ಲಿನಲ್ಲಿ ಒಂಬತ್ತು ಪಲ್ಲಕ್ಕಿ ಬಂದವು. ಒಬ್ಬ ಸಾರ್ಜೆಂಟ್ ಆ ಪುಸ್ತಕವನ್ನು ದಿಂಬಿನ ಕೆಳಗೇ ಇಟ್ಟುಕೊಂಡಿದ್ದ. ಗಾಳಿ ಯಾವಾಗ ತಂಪಾಗುತ್ತದೆ ಎಂದು ದಿನವೂ ಚೌರಪ್ಪನನ್ನು ಕೇಳುತ್ತಿದ್ದ. ಚೌರಪ್ಪ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿ, ಇನ್ನೇನು ಆಗುತ್ತೆ ಅನ್ನುತ್ತಿದ್ದ. ನಾನು ಗೋಡೆಯ ಮೇಲೆ ನೂರ ಎರಡು, ನೂರ ಮೂರು ಎಂದು ಕೂಗುತ್ತಿದ್ದೆ. ಮೇ ಮುಗಿಯುವುದರೊಳಗೆ ನಾಲ್ವರನ್ನು ಮಣ್ಣು ಮಾಡಿದರು. ಸಾರ್ಜೆಂಟ್ ಮೂರನೆಯವನು.

ಮಾರನೆಯ ಬೇಸಿಗೆಗೆ ಹತ್ತನೆಯ ಪಲ್ಲಕ್ಕಿ ಬಂತು. ಅದರೊಳಗೆ ಜ್ವರದಿಂದ ಒಣಗಿದ ವಾರ್ಡ್ಲೋ ಡಾಕ್ಟರೇ ಇದ್ದರು. ತಮ್ಮ ಪುಸ್ತಕ ನಂಬಿ ಬಂದಿದ್ದರು. ಜಗುಲಿಯಲ್ಲಿ, ನನ್ನ ಕೆಳಗೇ ಮಂಚ ಹಾಕಿದರು.

"ಎಷ್ಟಿದೆ?" ಎಂದು ನನ್ನ ಕಡೆ ಕೈ ತೋರಿ ಚೌರಪ್ಪನನ್ನು ಕೇಳಿದರು.

"ನೂರ ಎರಡು, ದೊರೆ."

"ಉಪಕರಣ ಕೆಟ್ಟಿದೆ. ಪುಸ್ತಕ ನೋಡು."

ಮೂರನೆಯ ದಿನಕ್ಕೆ ಅವರ ಮಾತು ತೊದಲಿತು. ಚೌರಪ್ಪ ಹೋಗಿ ಖಾದರ್ ಸಾಬಿಯನ್ನು ಕರೆತಂದ. ಉಗ್ರಾಣದ ಹಳೇ ತಟ್ಟಿಯನ್ನು ಇಬ್ಬರೂ ಸೇರಿ ಕಟ್ಟಿದರು. "ನನ್ನ ಕೆಲಸ ಕಳದೋರಿಗೇ ನೀರು ಹೊಡೀಬೇಕಾತಲ್ರಿ," ಅಂದ ಖಾದರ್ ಸಾಬಿ, ಆದರೆ ಹೊಡೆದ. ನಾನು ಇಳಿದೆ. ತೊಂಬತ್ತು, ಎಂಬತ್ನಾಲ್ಕು, ಎಪ್ಪತ್ತೊಂಬತ್ತು. ಹೀಗೆ ಎಂಟು ದಿನ. ಡಾಕ್ಟರಿಗೆ ಜ್ವರ ಬಿಟ್ಟಿತು.

ಒಂಬತ್ತನೆಯ ದಿನ ಅವರು ದಿಂಬಿಗೆ ಒರಗಿ ಕೂತು ನೋಡುತ್ತಿದ್ದರು. ಖಾದರ್ ಸಾಬಿ ಚೀಲದ ಬಾಯಿ ಬಿಚ್ಚಿದ, ನೀರು ತಟ್ಟಿಗೆ ಬಿತ್ತು, ನಾನು ಇಳಿದೆ. ಡಾಕ್ಟರು ತಟ್ಟಿಯನ್ನು ನೋಡಿದರು, ಅವನ ಬಾಗಿದ ಬೆನ್ನನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೆ ಅರ್ಥವಾಯಿತು. ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ, ಅಷ್ಟು ಹತ್ತಿರದಲ್ಲಿದ್ದೆ.

"ಈಗಲಾದರೂ ಆ ಸಾಲು ಸೇರಿಸಿ ದೊರೆ," ಅಂದ ಚೌರಪ್ಪ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. "ಥರ್ಮಾಮೀಟರು ಕೆಲವು ದಿನ ಕೆಟ್ಟಿತ್ತು ಅಂತ ಬರೆದುಕೋ," ಅಂದರು. ಎರಡನೆಯ ಮುದ್ರಣ ಬಂತು. ಅದರಲ್ಲೂ ಎಪ್ಪತ್ತೆಂಟೇ. ಜೊತೆಗೆ, ಕರೇಕಲ್ಲಿನ ಗಾಳಿ ಲೇಖಕನ ಪ್ರಾಣವನ್ನೇ ಉಳಿಸಿತು ಎಂಬ ಹೊಸ ಮಾತು ಬೇರೆ.

ಕೆಟ್ಟ ಉಪಕರಣವೆಂದು ನನ್ನನ್ನು ಬಿಸಾಡಿದರು. ಚೌರಪ್ಪ ಎತ್ತಿಕೊಂಡು ಹೋಗಿ ತನ್ನ ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿದ. ಯಾರೂ ಹೇಳದಿದ್ದರೂ ಇಪ್ಪತ್ತೆರಡು ವರ್ಷ ದಿನಕ್ಕೆ ಮೂರು ಸಲ ನನ್ನನ್ನು ಓದಿ ಬರೆದಿಟ್ಟ. ನಾನು ನೆಮ್ಮದಿಯಾಗಿ ಬದುಕಿದ್ದು ಆಗ ಮಾತ್ರ. ಅವನು ಸತ್ತ ಮೇಲೆ ಆ ಹಾಳೆಗಳನ್ನು ಗೆದ್ದಲು ತಿಂದಿತು. ಗಾಜು ಗೆದ್ದಲಿಗೆ ರುಚಿಸುವುದಿಲ್ಲವಾದ್ದರಿಂದ ನಾನು ಉಳಿದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿ, ಕೊನೆಗೆ ಅವನ ಮರಿಮಕ್ಕಳ ಮಕ್ಕಳು ನನ್ನನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಈಗ ನಾನು ಗಾಜಿನ ಕಪಾಟಿನಲ್ಲಿದ್ದೇನೆ. ಪಕ್ಕದಲ್ಲೇ ಆ ಪುಸ್ತಕ, ಅದೇ ಪುಟಕ್ಕೆ ತೆರೆದಿಟ್ಟಿದ್ದಾರೆ. ತಲೆಯ ಮೇಲೆ ಎ.ಸಿ. ಸದ್ದು ಮಾಡುತ್ತದೆ. ಅದರ ಗಾಳಿಗೆ ನಾನು ಸರಿಯಾಗಿ ಎಪ್ಪತ್ತೆಂಟಕ್ಕೆ ಬಂದು ನಿಲ್ಲುತ್ತೇನೆ. ಬಂದವರು ಪುಟ ನೋಡುತ್ತಾರೆ, ನನ್ನನ್ನು ನೋಡುತ್ತಾರೆ. "ಆಗಿನ ಡಾಕ್ಟ್ರು ಎಷ್ಟು ಕರೆಕ್ಟಾಗಿ ಬರೆದಿದಾರೆ ನೋಡಿ," ಅನ್ನುತ್ತಾರೆ.

ಒಮ್ಮೊಮ್ಮೆ ಕರೆಂಟು ಹೋಗುತ್ತದೆ. ಆಗ ನಾನು ಏರತೊಡಗುತ್ತೇನೆ. ಎಂಬತ್ತೈದು, ತೊಂಬತ್ತು, ತೊಂಬತ್ತಮೂರು. ಈಗ ನೋಡಿ, ಈಗ ಬರೆದುಕೊಳ್ಳಿ ಎಂದು ಕಾಯುತ್ತೇನೆ. ಅಷ್ಟು ಹೊತ್ತಿಗೆ ಸೆಕೆ ತಾಳಲಾರದೆ ಎಲ್ಲರೂ ಹೊರಗೆ ಹೋಗಿರುತ್ತಾರೆ.