ಶಂಖಪುಷ್ಪದ ಶರಬತ್ತು

ನೀಲಿ ಬಿಡುತ್ತಿದೆ, ದಳದ ಅಂಚಿನಿಂದ ಮೊದಲು, ಆಮೇಲೆ ಬುಡದಿಂದ, ಬಿಸಿನೀರಿನೊಳಗೆ ಎಳೆ ಎಳೆಯಾಗಿ — ಎಷ್ಟು ಹೂ ಹಾಕಿದೆನೋ ಲೆಕ್ಕವಿಲ್ಲ, ಎರಡು ಮುಷ್ಟಿ ಇರಬೇಕು, ಬಾಲ್ಕನಿಯ ಗ್ರಿಲ್ಲಿಗೆ ಹಬ್ಬಿದ ಬಳ್ಳಿಯಿಂದ ಬೆಳಿಗ್ಗೆ ಆರಕ್ಕೇ ಕೊಯ್ದದ್ದು, ಇಲ್ಲಿ ಡೊಂಬಿವಲಿಯವರು ಇದಕ್ಕೆ ಗೋಕರ್ಣ ಅನ್ನುತ್ತಾರೆ, ನಾವು ಶಂಖಪುಷ್ಪ, ಏನಂದರೂ ನೀರು ನೀಲಿಯೇ ಆಗುವುದು, ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬಿಟ್ಟರೆ ಹುಲ್ಲಿನ ವಾಸನೆ ಬರುತ್ತದೆ, ಗಡಿಯಾರ ನೋಡು ಪ್ರಿಯಂವದಾ, ನೋಡುತ್ತಿದ್ದೇನೆ ಮಾರಾಯ್ರೆ, ನಿಮ್ಮ ಗಡಿಯಾರವನ್ನೇ ನೋಡುತ್ತಿದ್ದೇನೆ, ಠಾಣೆಯ ಲೋಕಲ್ ಟ್ರೈನು ತಪ್ಪಬಾರದೆಂದು ಐದು ನಿಮಿಷ ಮುಂದಿಟ್ಟವರು ನೀವು, ಹೋಗಿ ಒಂದೂವರೆ ವರ್ಷವಾಯಿತು, ಅದು ಮಾತ್ರ ಈಗಲೂ ಐದು ನಿಮಿಷ ಮುಂದೆಯೇ ಇದೆ, ಹಿಂದೆ ತಿರುಗಿಸಲು ನನಗೆ ಕೈ ಬಂದಿಲ್ಲ. ಹಾಲಿನಲ್ಲಿ ಕುರ್ಚಿ ಎಳೆಯುವ ಸದ್ದು, ಸೊಸೆ ಅನಘ ಸೋಫಾವನ್ನು ಗೋಡೆಗೆ ತಳ್ಳುತ್ತಿದ್ದಾಳೆ, ಗೌರಿಯ ಮೂರ್ತಿಯನ್ನು ಪುಟ್ಟ ಉಯ್ಯಾಲೆಯಲ್ಲಿ ಕೂರಿಸಿ ಆಗಿದೆ, ಕಲ್ಲಂಗಡಿ ಕತ್ತರಿಸಿ ಆಗಿದೆ, ಕಡಲೆ ನೆನೆದಿದೆ, ಐದಕ್ಕೆ ಹೆಂಗಸರು ಬರುತ್ತಾರೆ — ಚೈತ್ರದ ಹಳದಿ-ಕುಂಕು, ಉಡುಪಿಯಲ್ಲಿ ನಮಗೆ ಗೊತ್ತೇ ಇಲ್ಲದ ಹಬ್ಬ, ಇಲ್ಲಿಗೆ ಬಂದ ಮೇಲೆ ನೆರೆಯವರನ್ನು ನೋಡಿ ಕಲಿತದ್ದು, ಮುತ್ತೈದೆಯರನ್ನು ಕರೆದು ಅರಸಿನ ಕುಂಕುಮ ಕೊಟ್ಟು ತಂಪು ಕುಡಿಸಿ ಕಳಿಸುವುದು, ಎಲ್ಲರ ಮನೆಯಲ್ಲೂ ಮಾವಿನಕಾಯಿ ಪಾನಕವಾದರೆ ನನ್ನ ಮನೆಯಲ್ಲಿ ಈ ಶರಬತ್ತು, ಇಪ್ಪತ್ತೆರಡು ವರ್ಷ, ಹೋದ ವರ್ಷ ಬಿಟ್ಟು, ಹೋದ ವರ್ಷ ವರ್ಷಾಂತಿಕ ಆಗಿರಲಿಲ್ಲ, ಹಬ್ಬವಿರಲಿಲ್ಲ, ಯಾರೂ ಏನೂ ಕೇಳಲಿಲ್ಲ, ಅದೇ ಸುಖವಿತ್ತು. ಈ ವರ್ಷ ಕರೆಯುವವಳು ಅನಘ, ಅವಳು ಮುತ್ತೈದೆ, ನಾನು ಶರಬತ್ತು ಮಾಡುವವಳು. ನನ್ನನ್ನು ಹಾಲಿಗೆ ಕರೆಯುತ್ತಾಳೋ ಇಲ್ಲವೋ, ಒಂದು ವಾರದಿಂದ ನನ್ನ ತಲೆಯಲ್ಲಿ ಇರುವುದು ಅದೊಂದೇ, ಬಾಯಿಬಿಟ್ಟು ಕೇಳಲು ಆಗುವುದಿಲ್ಲ, ಕೇಳಿದರೆ ಬನ್ನಿ ಎಂದೇ ಅಂದಾಳು, ಕೇಳಿ ಪಡೆದ ಬನ್ನಿ ಯಾರಿಗೆ ಬೇಕು. ಅಡುಗೆಮನೆಯಲ್ಲಿ ಹೂ ಸೋಸುವುದಕ್ಕೆ ಹಸಿರಂಚಿನ ರೇಷ್ಮೆ ಉಟ್ಟು ನಿಂತಿದ್ದೇನೆ, ನಾಚಿಕೆಗೆಟ್ಟವಳು.

ಸೋಸಬೇಕು, ಪಾಣಿಪಂಚೆಯ ತುಂಡು ಎಲ್ಲಿ, ಇಲ್ಲಿದೆ, ಒದ್ದೆ ಮಾಡಿ ಹಿಂಡಿ ಪಾತ್ರೆಯ ಬಾಯಿಗೆ ಕಟ್ಟಿ, ನಿಧಾನ, ಹೂವನ್ನು ಒತ್ತಬಾರದು, ತಾನಾಗಿ ಇಳಿದಷ್ಟು ಸಾಕು, ಸಕ್ಕರೆ ಪಾಕ ಆರಿದೆ, ಏಲಕ್ಕಿ ಬಿದ್ದಿದೆ, ಚಿಟಿಕೆ ಉಪ್ಪು — ಉಪ್ಪಿಲ್ಲದ ಶರಬತ್ತು ಸಕ್ಕರೆ ನೀರು, ಇದೂ ಅವರದೇ ಮಾತು, ಕೋಪರಿಯ ಹೋಟೆಲಿನಲ್ಲಿ ಜ್ಯೂಸ್ ಕೌಂಟರಿನಿಂದ ಶುರುಮಾಡಿ ಮ್ಯಾನೇಜರ್ ಆದವರು, ಗಲ್ಲಾದ ಮೇಲೆ ಕೂತರೂ ಕಣ್ಣು ಲಿಂಬೆಹುಳಿಯ ಬುಟ್ಟಿಯ ಮೇಲೆಯೇ. ಲಿಂಬೆ ಮಾತ್ರ ಈಗ ಹಿಂಡಬಾರದು, ಮೊದಲೇ ಹಿಂಡಿಟ್ಟರೆ ಕಹಿ, ಅದಲ್ಲದೆ ಬಣ್ಣ ಒಳಗೇ ತಿರುಗಿಬಿಟ್ಟರೆ ನೋಡುವವರಿಗೆ ಏನುಳಿಯಿತು, ಗ್ಲಾಸು ಗ್ಲಾಸಿಗೆ ನೀಲಿ ಹೊಯ್ದು ಹಾಲಿಗೆ ಕೊಂಡುಹೋಗಬೇಕು, ಅಲ್ಲಿ ಅವರು ಕಾಯುತ್ತಿರುತ್ತಾರೆ, ಕಾಯುತ್ತಿದ್ದರು. ಹಳದಿ-ಕುಂಕುವಿನ ದಿನ ಗಂಡಸರೆಲ್ಲ ಕೆಳಗೆ ಕಾಂಪೌಂಡಿನಲ್ಲಿ, ಇವರಿಗೊಬ್ಬರಿಗೆ ಐದು ನಿಮಿಷದ ಪರವಾನಗಿ, ಅಂಗಿಯ ತೋಳು ಮಡಚಿ, ಅರ್ಧ ಲಿಂಬೆಯನ್ನು ಗ್ಲಾಸಿನ ಮೇಲೆ ಎತ್ತಿ ಹಿಡಿದು, ಬಘಾ ಹಂ ವಹಿನೀ, ನೋಡಿ ಅತ್ತಿಗೆ, ಒಂದೇ ಹಿಂಡು, ನೀಲಿಯೊಳಗೆ ನೇರಳೆ ಇಳಿಯುವಾಗ ಮೂವತ್ತು ಹೆಂಗಸರು ಒಟ್ಟಿಗೆ ಅಯ್ಯಾ ಅನ್ನುವುದು, ವರ್ಷವೂ ನೋಡಿದ್ದನ್ನೇ ನೋಡಿ, ಭಾವೋಜೀ, ಆಣಖೀ ಏಕದಾ, ಇನ್ನೊಂದು ಸಲಕ್ಕೆ ಇವರು ದುಡ್ಡು ಕೊಡಿ ಅನ್ನುವುದು, ನಾನು ಸಾಕು ನಡೀರಿ ಕೆಳಗೆ ಅಂತ ಗದರುವುದು. ಯಾಕೆ ಗದರುತ್ತಿದ್ದೆ, ಇನ್ನೊಂದು ಲಿಂಬೆ ಹಿಂಡಿದ್ದರೆ ಏನಾಗುತ್ತಿತ್ತು. ಕೊನೆಯ ಸಲ ಆಸ್ಪತ್ರೆಯಲ್ಲಿ, ಐದನೇ ದಿನ, ಮಾತು ಇರಲಿಲ್ಲ, ಬೆರಳಿಗೆ ಏನೋ ಕ್ಲಿಪ್ಪು ಹಾಕಿದ್ದರು, ಮಗ ವಿಶ್ರುತ ಹೊರಗೆ ಡಾಕ್ಟರ ಹತ್ತಿರ ಮಾತಾಡುತ್ತಿದ್ದ, ನಾನು ಆ ಕೈ ಹಿಡಿದುಕೊಂಡು ಕೂತಿದ್ದೆ, ಕೈಯಲ್ಲಿ ಸೋಪಿನ ವಾಸನೆ, ಲಿಂಬೆಯದ್ದಲ್ಲ. ಅಳಬಾರದು, ಪಾತ್ರೆ ತೆರೆದಿದೆ. ಮೊನ್ನೆ ಅನಘ ಬಾಲ್ಕನಿಯಲ್ಲಿ ನಿಂತು ತನ್ನ ಅಮ್ಮನ ಹತ್ತಿರ ಫೋನಿನಲ್ಲಿ ಪಿಸುಪಿಸು, ಅತ್ತೆಗೆ ಬುರಾ ಲಗೇಗಾ ಅಲ್ವಾ, ಹಾಂ, ಹಾಂ, ಅದೇ ಮತ್ತೆ — ಬುರಾ ಲಗೇಗಾ, ಬೇಸರವಾದೀತು, ಕರೆದರೋ ಕರೆಯದಿದ್ದರೋ, ಅಷ್ಟು ಹೇಳದೆ ಫೋನು ಇಟ್ಟಳು ಪುಣ್ಯಾತ್ಗಿತ್ತಿ, ಕಿವಿಗೊಟ್ಟು ನಿಂತದ್ದೇ ದಂಡ.

ಬೆಲ್ ಆಯಿತು, ಮೊದಲನೇ ತಂಡ, ಚಪ್ಪಲಿ ಬಿಡುವ ಸದ್ದು, ಬಳೆಗಳ ಸದ್ದು, ಯಾ ಯಾ, ಬಸಾ, ಬನ್ನಿ ಕೂತುಕೊಳ್ಳಿ, ಕಿತೀ ಗರಂ ಹೋತಯ್, ಎಷ್ಟು ಸೆಕೆ, ಅನಘಳ ಮರಾಠಿ ನನ್ನದಕ್ಕಿಂತ ಸಾವಿರಪಾಲು ಚೆಂದ, ಇಲ್ಲೇ ಹುಟ್ಟಿದವಳು, ನನ್ನ ಮರಾಠಿ ಈಗಲೂ ತರಕಾರಿಯವನಿಗೆ ಸಾಕಾಗುವಷ್ಟು. ಕಿಟಕಿ ಮುಚ್ಚಿದೆ, ಫ್ಯಾಕ್ಟರಿ ಕಡೆಯಿಂದ ಗಾಳಿ ಬಂದರೆ ಶರಬತ್ತಿಗೂ ಅದೇ ವಾಸನೆ, ಸೆಕೆ, ರೇಷ್ಮೆ ಬೆನ್ನಿಗೆ ಅಂಟಿದೆ. ಅತ್ತೆ, ಆಯ್ತಾ, ಅನಘ ಒಳಗೆ ಬಂದಳು, ಟ್ರೇ ಎತ್ತಿಕೊಂಡಳು, ಲಿಂಬು ನಾನೇ ಹೊರಗೆ ಹಿಂಡ್ತೇನೆ, ಪಪ್ಪಾ ಮಾಡ್ತಿದ್ರಲ್ಲ ವೈಸಾಹೀ, ಹಾಗೇ, ಸರಿ ಅಂದೆ, ಬೀಜ ಬೀಳದ ಹಾಗೆ ನೋಡಿಕೋ, ಹಾಂ ಅತ್ತೆ — ಹೊರಟವಳು ನಿಂತಳು, ಟ್ರೇಯಿಂದ ಒಂದು ಗ್ಲಾಸು ತೆಗೆದು ಕಟ್ಟೆಯ ಮೇಲಿಟ್ಟಳು, ಮೇಲೊಂದು ಬಸಿ ಮುಚ್ಚಿದಳು, ಇದು ನಿಮಗೆ, ಇಲ್ಲೇ ಆರಾಮಾಗಿ ಕೂತ್ಕೊಳ್ಳಿ, ಹೊರಗೆ ಬಹುತ್ ಗರ್ದಿ, ತುಂಬ ಜನ, ನನ್ನ ಮುಖ ನೋಡಲಿಲ್ಲ, ಹೋದಳು. ಬಸಿ ಮುಚ್ಚಿದ ಗ್ಲಾಸು. ಇದನ್ನು ನಾನು ಬಲ್ಲೆ, ಇದು ನನ್ನದೇ ಕೆಲಸ, ಮೂರನೇ ಮಹಡಿಯ ಚಂಪಾಕಾಕುವಿಗೆ ನಾನು ಹೀಗೆಯೇ ಕೊಂಡುಹೋಗುತ್ತಿದ್ದೆ, ಗಂಡನಿಲ್ಲದವರು, ಹಳದಿ-ಕುಂಕುವಿಗೆ ಕರೆಯುವ ಹಾಗಿಲ್ಲ, ಹಾಗಂತ ಮರೆತೆವು ಅನ್ನಿಸಬಾರದಲ್ಲ, ಎಲ್ಲ ಮುಗಿದ ಮೇಲೆ ಒಂದು ಗ್ಲಾಸು, ಮೇಲೊಂದು ಬಸಿ, ನಾನೇ ಮೆಟ್ಟಿಲು ಹತ್ತಿ, ಅವರು ಬಾಗಿಲು ಅರ್ಧ ತೆರೆದು, ಅಗ ಬಾಯೀ, ಮಾಝ್ಯಾಸಾಠೀ, ನನಗಾ ಅಂತ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು. ಮರುದಿನ ಗ್ಲಾಸು ತೊಳೆದು ಒಳಗೆ ಒಂದು ಬೆಲ್ಲದ ಚೂರು ಹಾಕಿ ವಾಪಸು. ಒಂದು ವರ್ಷ ಕೇಳಿದರು, ಈ ಸಲ ಎಷ್ಟು ಜನ ಬಂದಿದ್ದರು, ನಾನು ಮೂವತ್ತನಾಲ್ಕು ಅಂತ ಹೆಮ್ಮೆಯಿಂದ ಹೇಳಿದೆ, ಯಾರ್ಯಾರು, ಒಬ್ಬೊಬ್ಬರ ಹೆಸರೂ ಹೇಳಿದೆ, ಅವರು ಬಾಗಿಲಲ್ಲೇ ನಿಂತು ಪ್ರತಿ ಹೆಸರಿಗೂ ತಲೆಯಾಡಿಸಿದರು, ಮೂವತ್ತನಾಲ್ಕು ಹೆಸರು, ನೀವೂ ಬನ್ನಿ ಅನ್ನುವುದು ನನ್ನ ಬಾಯಿಗೆ ಬರಲಿಲ್ಲ. ಹದಿನಾಲ್ಕು ವರ್ಷ ಹೀಗೆ ಒಳ್ಳೆಯವಳಾಗಿದ್ದೆ. ಈಗ ಅವರು ಕಾಮೋಠೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ನಂಬರು ನನ್ನ ಹತ್ತಿರವಿದೆ, ಇವರು ಹೋದಾಗ ಅವರೇ ಫೋನು ಮಾಡಿ ಅತ್ತರು, ನಾನು ತಿರುಗಿ ಒಂದು ಸಲವೂ ಮಾಡಲಿಲ್ಲ. ಹೊರಗೆ ಅಯ್ಯಾ ಎಂಬ ಕೂಗು, ಬಣ್ಣ ತಿರುಗಿತು, ಚಪ್ಪಾಳೆ, ಇವರಿಲ್ಲದೆಯೂ ತಿರುಗುತ್ತದೆ, ತಿರುಗದೆ ಏನು, ಲಿಂಬೆಗೇನು ಗೊತ್ತು. ನನಗೆ ಸಿಟ್ಟು ಬರುತ್ತಿದೆ, ಯಾರ ಮೇಲೆ ಅಂತ ಹುಡುಕಿದರೆ ಯಾರೂ ಸಿಗುತ್ತಿಲ್ಲ. ಕಟ್ಟೆಯ ಮೇಲಿನ ಗ್ಲಾಸನ್ನು ನಾನು ಮುಟ್ಟಲಿಲ್ಲ.

ಯಾರೋ ಕೇಳುತ್ತಿದ್ದಾರೆ, ಪ್ರಿಯಂವದಾತಾಯೀ ಕುಠೇ ಆಹೇತ್, ಎಲ್ಲಿ ಅವರು, ಇನ್ನೊಂದು ದನಿ, ಬೋಲವ್ ನಾ ತ್ಯಾಂನಾ, ಕರಿ ಅವರನ್ನು, ಮೂರನೆಯ ದನಿ, ಆಮ್ಚ್ಯಾಕಡೇ ಸಗಳ್ಯಾಂನಾ ದೇತಾತ್ ಆತಾ, ನಮ್ಮಲ್ಲಿ ಈಗ ಎಲ್ಲರಿಗೂ ಕೊಡುತ್ತಾರಮ್ಮಾ, ಆ ಹಳೇದನ್ನೆಲ್ಲ ಬಿಡಿ — ಎದೆ ಹೊಡೆದುಕೊಳ್ಳುತ್ತಿದೆ, ಈ ವಯಸ್ಸಿಗೆ ಇದೆಂಥ ಮದುಮಗಳ ಎದೆ, ಸೆರಗಿನಲ್ಲಿ ಮುಖ ಒರೆಸಿದೆ, ಅಷ್ಟರಲ್ಲಿ ಅನಘ ಬಾಗಿಲಲ್ಲಿ, ಅವಳ ಕಣ್ಣೇ ತುಂಬಿದೆ, ಅತ್ತೆ, ಸಾರಿ, ನನ್ನ ಅಮ್ಮ ಹೇಳಿದ್ಲು, ನಿಮ್ಮನ್ನ ಕರೆದರೆ ನಿಮಗೇ ದುಃಖ ಆಗ್ತದೆ ಅಂತ, ನಾನು ಬೇವಕೂಫ್ ಕೇಳಿಕೊಂಡೆ, ಚಲಾ ಅತ್ತೆ, ಬನ್ನಿ, ನೀವಿಲ್ಲದೆ ಇದು ಯಾರ ಹಳದಿ-ಕುಂಕು. ಕೈ ಹಿಡಿದಳು. ಹೋದೆ. ಹೋಗುತ್ತಿದ್ದೇನೆ, ಹಾಲಿನ ತುಂಬ ಮುಖಗಳು, ಜರಿ, ಮಲ್ಲಿಗೆ, ನೇರಳೆ ಗ್ಲಾಸುಗಳು, ಎಲ್ಲರೂ ಜಾಗ ಮಾಡಿಕೊಟ್ಟರು, ಉಯ್ಯಾಲೆಯ ಗೌರಿಯ ಪಕ್ಕದ ಕುರ್ಚಿ, ಕೂರಿಸಿದರು, ಯಾರೋ ಮೊಣಕಾಲು ಸವರಿದರು, ತುಂಬ ಒಳ್ಳೆಯವರು, ಒಬ್ಬಳೂ ಕೊಂಕು ನೋಡಲಿಲ್ಲ, ಬೇಕಾಗಿದ್ದದ್ದು ಇದೇ ತಾನೆ, ಒಂದು ವಾರದಿಂದ ಇದೇ ತಾನೆ. ಅನಘ ತಟ್ಟೆ ತಂದಳು, ಬೆಳ್ಳಿಯ ಎರಡು ಬಟ್ಟಲು, ಮೊದಲು ಅರಸಿನ, ಹಚ್ಚಿದಳು, ತಣ್ಣಗಿದೆ, ಆಮೇಲೆ ಆ ಇನ್ನೊಂದು ಬಟ್ಟಲಿಗೆ ಬೆರಳು ಅದ್ದಿದಳು, ಬೆರಳು ಮೇಲೆ ಬಂತು, ತುದಿಯೆಲ್ಲ ಕೆಂಪು, ನನ್ನ ಹಣೆಯ ಕಡೆಗೆ, ಹತ್ತಿರ, ಅದರ ಉಗುರಿನಲ್ಲಿ ಲಿಂಬೆಯ ತಿರುಳಿನ ಒಂದು ಎಳೆ — ಹಿಂದೆ ಹೋದೆ. ನಾನು. ಯಾರೂ ಎಳೆಯಲಿಲ್ಲ, ಯಾರೂ ಬೇಡವೆನ್ನಲಿಲ್ಲ, ನನ್ನ ಕುತ್ತಿಗೆ ನನ್ನನ್ನು ಕೇಳದೆ ಹಿಂದಕ್ಕೆ ಹೋಯಿತು, ಕುರ್ಚಿಯ ಬೆನ್ನಿಗೆ ತಲೆ ತಾಗುವವರೆಗೆ, ಬಳೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಮುಂದೆ ಬಾ, ಬೇಕಿತ್ತಲ್ಲ, ಈಗ ಬಾ, ಬರುತ್ತಿಲ್ಲ, ಮೂವತ್ತು ಜನ ಕಾಯುತ್ತಿದ್ದಾರೆ, ಅತ್ತೆ, ಅಂದಳು ಅನಘ, ಮೆಲ್ಲಗೆ, ಇನ್ನೇನು ಅಳುತ್ತಾಳೆ, ಆದರೂ ಕೈ ಕೆಳಗಿಳಿಸುತ್ತಿಲ್ಲ, ಆ ಬೆರಳು ಅಲ್ಲೇ ಇದೆ, ನನ್ನ ಹಣೆಗೂ ಅದಕ್ಕೂ ನಡುವೆ ಒಂದು ಗೇಣು ಜಾಗ, ತುದಿಯ ಕುಂಕುಮ ಪುಡಿಪುಡಿಯಾಗಿ ನನ್ನ ರೇಷ್ಮೆಯ ಮೇಲೆ ಉದುರುತ್ತಿದೆ, ಬೆರಳು, ಅಲ್ಲೇ, ಕೆಂಪು ಬೆರಳು